ಲೇಸರ್ ಡಿಟೆಕ್ಟರ್: ಸದ್ದು ಮಾಡುತ್ತದೆ ನಿಜ, ಆದರೆ ಯಾವಾಗ?

ಪೊಲೀಸರ ವೇಗ ತಪಾಸಣೆಯನ್ನು ಸದ್ದು ಮಾಡಿ ಮುಂಚೆಯೇ ತಿಳಿಸಲೆಂದು ಕಾರಿನ ಮುಂಗಾಜಿಗೆ ಅಂಟಿಸುವ ಡಿಟೆಕ್ಟರ್‌ಗಳ ಡಬ್ಬದ ಮೇಲೆ 'ರೇಡಾರ್ ಮತ್ತು ಲೇಸರ್' ಎಂದು ಒಂದೇ ಉಸಿರಿನಲ್ಲಿ ಬರೆದಿರುತ್ತಾರೆ. ಓದಿದವರಿಗೆ ಎರಡೂ ಒಂದೇ ಬಗೆಯ ರಕ್ಷಣೆ ಅನ್ನಿಸುವುದು ಸಹಜ. ವಾಸ್ತವ ಹಾಗಿಲ್ಲ. ಒಳ್ಳೆಯ ಡಿಟೆಕ್ಟರ್ ಒಂದು ಪೊಲೀಸ್ ರೇಡಾರನ್ನು ತಿರುವಿನಾಚೆಯಿಂದ, ದಿಬ್ಬದಾಚೆಯಿಂದ, ಕೆಲವೊಮ್ಮೆ ಒಂದೆರಡು ಕಿಲೋಮೀಟರ್ ಮುಂಚೆಯೇ ಹಿಡಿದುಕೊಡಬಲ್ಲದು. ಅದೇ ಡಿಟೆಕ್ಟರ್ 'ಲೇಸರ್' ಎಂದು ಕೂಗಿದಾಗ, ಹತ್ತರಲ್ಲಿ ಎಂಟೊಂಬತ್ತು ಸಲ ಎನ್ನುವಷ್ಟು ಧಾರಾಳವಾಗಿ ಹೇಳಬಹುದು, ನಿಮ್ಮ ವೇಗ ಆಗಲೇ ಪೊಲೀಸರ ವೇಗ ಅಳೆಯುವ ಬಂದೂಕಿನ ಪರದೆಯ ಮೇಲೆ ಮೂಡಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇದು ಯಾವುದೋ ಒಂದು ಕಂಪನಿಯ ದೋಷವಲ್ಲ, ಬೆಳಕಿನ ಸ್ವಭಾವ. ಹಣ ಕೊಡುವ ಮೊದಲು ಇದನ್ನು ತಿಳಿದುಕೊಂಡರೆ ಯಾವ ಮಾದರಿ ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಯಾವ ಜಾಹೀರಾತಿಗೆ ಕಿವಿಗೊಡಬಾರದು ಎಂಬುದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ರೇಡಾರ್ ಲೆಕ್ಕ, ಹೋಲಿಕೆಗಾಗಿ. ಪೊಲೀಸ್ ರೇಡಾರ್‌ಗಳು ಹೆಚ್ಚಾಗಿ 24.150 ಗಿಗಾಹರ್ಟ್ಸ್ ಆಸುಪಾಸಿನ ಕೆ ಬ್ಯಾಂಡಿನಲ್ಲೋ, 33.4ರಿಂದ 36 ಗಿಗಾಹರ್ಟ್ಸ್ ನಡುವಿನ ಕೆಎ ಬ್ಯಾಂಡಿನಲ್ಲೋ ಕೆಲಸ ಮಾಡುತ್ತವೆ. ಹಳೆಯ ಎಕ್ಸ್ ಬ್ಯಾಂಡ್, ಅಂದರೆ 10.525 ಗಿಗಾಹರ್ಟ್ಸ್, ಈಗ ಅಪರೂಪ. ರೇಡಾರ್ ಕಿರಣ ಸುಮಾರು 12 ಡಿಗ್ರಿ ಅಗಲಕ್ಕೆ ಹರಡುತ್ತದೆ ಎಂದಿಟ್ಟುಕೊಂಡರೆ 300 ಮೀಟರ್ ದೂರದಲ್ಲಿ ಅದರ ಹರವು 60 ಮೀಟರಿಗೂ ಹೆಚ್ಚು. ರಸ್ತೆ, ಪಕ್ಕದ ಫಲಕ, ಲಾರಿಯ ಮೈ, ಸೇತುವೆಯ ಗೋಡೆ ಎಲ್ಲಕ್ಕೂ ತಾಗಿ ಅದು ಚೆಲ್ಲಾಡುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ಬಂದೂಕಿಗೆ ಅಲೆ ಹೋಗಿ ತಿರುಗಿ ಬರಬೇಕು. ಡಿಟೆಕ್ಟರಿಗೆ ಬರುವ ಅಲೆಯೊಂದೇ ಸಾಕು. ಹೋಗಿ ಬರುವ ಸಂಕೇತ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಸೊರಗುತ್ತದೆ, ಒಮ್ಮುಖವಾಗಿ ಬರುವುದು ಎರಡನೆಯ ಘಾತಕ್ಕೆ ತಕ್ಕಂತೆ ಮಾತ್ರ. ಡಿಟೆಕ್ಟರಿಗೆ ರೇಡಾರ್ ಮೇಲೆ ಸಿಗುವ ಮೇಲುಗೈಯ ಗುಟ್ಟು ಇಷ್ಟೇ.

ಲೇಸರ್ ಬಂದೂಕು ಈ ಮೇಲುಗೈಯನ್ನೇ ಕಿತ್ತುಕೊಳ್ಳುತ್ತದೆ. ಅದು ಬಿಡುವುದು ಸುಮಾರು 904–905 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಬೆಳಕು. ಕಣ್ಣಿಗೆ ಕಾಣದು, ಕಣ್ಣಿಗೆ ಅಪಾಯವಿಲ್ಲದ ಮೊದಲ ವರ್ಗದ ಲೇಸರ್. ಕಿರಣದ ಹರವು ಸುಮಾರು 3 ಮಿಲಿರೇಡಿಯನ್. ಅಂದರೆ 100 ಮೀಟರಿಗೆ 30 ಸೆಂಟಿಮೀಟರ್, 300 ಮೀಟರಿಗೆ 90 ಸೆಂಟಿಮೀಟರ್ ಅಗಲ. ಮೂರು ಲೇನುಗಳಲ್ಲಿ ಹತ್ತು ಕಾರು ಬರುತ್ತಿದ್ದರೂ ಪೊಲೀಸರು ಅದರಲ್ಲಿ ಒಂದನ್ನೇ ಆರಿಸಿ ಅದರ ನಂಬರ್ ಪ್ಲೇಟಿಗೆ ಗುರಿಯಿಡಬಹುದು. ಮಿಕ್ಕ ಒಂಬತ್ತು ಕಾರುಗಳ ಡಿಟೆಕ್ಟರಿಗೆ ಬಹುಪಾಲು ಏನೂ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಟ್ರಿಗರ್ ಒತ್ತುವ ತನಕ ಬಂದೂಕಿನಿಂದ ಬೆಳಕೇ ಹೊರಡುವುದಿಲ್ಲ. ಹೊರಡದ ಬೆಳಕನ್ನು ಹಿಡಿಯುವ ಯಂತ್ರ ಯಾವ ಬೆಲೆಗೂ ಸಿಗದು.

ಬಂದೂಕು ಅಳೆಯುವುದು ನೇರವಾಗಿ ವೇಗವನ್ನಲ್ಲ, ದೂರವನ್ನು. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. 300 ಮೀಟರ್ ದೂರದ ಕಾರಿಗೆ ಹೋಗಿ ಮರಳಲು 2 ಮೈಕ್ರೊಸೆಕೆಂಡ್ ಬೇಕು. ಬಂದೂಕು ಸೆಕೆಂಡಿಗೆ ನೂರರಿಂದ ಕೆಲವು ನೂರು ಮಿಡಿತಗಳನ್ನು ಬಿಟ್ಟು ಪ್ರತಿ ಮಿಡಿತಕ್ಕೂ ಹೋಗಿಬಂದ ಸಮಯ ಬರೆದುಕೊಳ್ಳುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ 27.8 ಮೀಟರ್ ಸರಿಯುತ್ತದೆ. ಸೆಕೆಂಡಿಗೆ 100 ಮಿಡಿತವಾದರೆ ಎರಡು ಮಿಡಿತಗಳ ನಡುವೆ ಕಾರು 27.8 ಸೆಂಟಿಮೀಟರ್ ಹತ್ತಿರ ಬಂದಿರುತ್ತದೆ. ಆ ವ್ಯತ್ಯಾಸ ಬೆಳಕಿನ ಸಮಯದಲ್ಲಿ 1.85 ನ್ಯಾನೊಸೆಕೆಂಡ್. ಒಂದು ಜೋಡಿಯನ್ನು ನಂಬಿ ಬಂದೂಕು ತೀರ್ಪು ಕೊಡುವುದಿಲ್ಲ. ಹತ್ತಾರು ದೂರಗಳನ್ನು ಸಾಲಾಗಿಟ್ಟು ಅವು ಒಂದು ನೇರ ಗೆರೆಯ ಮೇಲೆ ಕೂರುತ್ತವೆಯೇ ಎಂದು ನೋಡುತ್ತದೆ. ಕೂತರೆ ವೇಗ ತೋರಿಸುತ್ತದೆ, ಕೂರದಿದ್ದರೆ ದೋಷ ಎಂದು ತೋರಿಸಿ ಅಳತೆಯನ್ನು ತಳ್ಳಿಹಾಕುತ್ತದೆ. ಇಷ್ಟೆಲ್ಲ ಮುಗಿಯುವುದು 0.3ರಿಂದ 0.5 ಸೆಕೆಂಡಿನಲ್ಲಿ.

ಆ ಅರ್ಧ ಸೆಕೆಂಡಿನೊಳಗೆ ಚಾಲಕ ಏನು ಮಾಡಬಲ್ಲ? ಡಿಟೆಕ್ಟರ್ ಮೊದಲ ಕೆಲವು ಮಿಡಿತಗಳಲ್ಲೇ ಬೆಳಕನ್ನು ಗುರುತಿಸಿತು ಅನ್ನೋಣ. ಸದ್ದು ಕಿವಿಗೆ ಬಿದ್ದು, ಅರ್ಥವಾಗಿ, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡ್ ಕಳೆದಿರುತ್ತದೆ. 120ರಿಂದ 100ಕ್ಕೆ ಇಳಿಸಲು ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಒತ್ತಿದರೂ ಇನ್ನೊಂದು ಮುಕ್ಕಾಲು ಸೆಕೆಂಡ್ ಬೇಕು. ಒಟ್ಟು ಎರಡು ಸೆಕೆಂಡ್. ಬಂದೂಕಿಗೆ ಬೇಕಾದದ್ದು ಅದರ ಕಾಲು ಭಾಗ. ಎಷ್ಟೇ ದುಬಾರಿ ಮಾದರಿ ತಂದರೂ ಈ ಅಂತರ ತುಂಬುವುದಿಲ್ಲ, ಏಕೆಂದರೆ ತಡವಾಗುವುದು ಡಿಟೆಕ್ಟರಿನಲ್ಲಲ್ಲ, ಮನುಷ್ಯನ ಕಾಲಿನಲ್ಲಿ.

ಹಾಗಿದ್ದರೆ ಲೇಸರ್ ಎಚ್ಚರಿಕೆ ಬಂದ ತಕ್ಷಣ ಬ್ರೇಕ್ ತುಳಿಯಬೇಕೆ? ತುಳಿಯಬಾರದು. ಅಳತೆ ಆಗಲೇ ಆಗಿದ್ದರೆ ಬ್ರೇಕ್ ಅದನ್ನು ಅಳಿಸುವುದಿಲ್ಲ. ಹಿಂದೆ ಬರುತ್ತಿರುವ ವಾಹನಕ್ಕೆ ಮಾತ್ರ ಅಪಾಯ ತಂದೊಡ್ಡುತ್ತದೆ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ವೇಗಮಾಪಕ ನೋಡಿ, ಕನ್ನಡಿ ನೋಡಿ, ಆಮೇಲೆ ಬೇಕಾದಷ್ಟೇ ಒತ್ತುವುದು ಸರಿ. ಡಿಟೆಕ್ಟರಿನ ಕೈಪಿಡಿಯಲ್ಲಿ ಇದನ್ನು ಮೊದಲ ಪುಟದಲ್ಲೇ ಬರೆಯಬೇಕು.

ಇನ್ನು ಡಿಟೆಕ್ಟರಿನ ಕಣ್ಣು. ರೇಡಾರಿಗೆ ಒಳಗೊಂದು ಕಹಳೆಯಂಥ ಆಂಟೆನಾ ಇರುತ್ತದೆ, ಲೇಸರಿಗೆ ಪುಟ್ಟದೊಂದು ಮಸೂರ, ಅದರ ಹಿಂದೆ ಅವಕೆಂಪನ್ನಷ್ಟೇ ಬಿಡುವ ಕಡುಬಣ್ಣದ ಫಿಲ್ಟರ್, ಅದರ ಹಿಂದೆ ಸಿಲಿಕಾನ್ ಫೋಟೊಡಯೋಡ್. ಡಯೋಡಿಗೆ ಬಿದ್ದ ಬೆಳಕು ವಿದ್ಯುತ್ತಾಗುತ್ತದೆ, ಒಳಗಿನ ಪ್ರೊಸೆಸರ್ ಆ ವಿದ್ಯುತ್ತಿನಲ್ಲಿ ಸರಿಯಾದ ಅಂತರಕ್ಕೆ ಬರುವ ಚೂಪಾದ ಮಿಡಿತಗಳನ್ನು ಹುಡುಕುತ್ತದೆ. ಬಿಸಿಲು ಒಂದೇ ಸಮನೆ ಬೀಳುವ ಬೆಳಕು, ಅದನ್ನು ಬದಿಗಿಡುತ್ತದೆ. ಮಿಡಿತದ ಅಂತರದಿಂದ ಯಾವ ಬಗೆಯ ಬಂದೂಕು ಎಂದು ಊಹಿಸಿ ತೋರಿಸುವ ಮಾದರಿಗಳೂ ಬಂದಿವೆ. ಕುತೂಹಲಕ್ಕೆ ಚೆನ್ನ, ಸುಳ್ಳು ಎಚ್ಚರಿಕೆಯನ್ನು ನಿಜದಿಂದ ಬೇರ್ಪಡಿಸಲೂ ಸ್ವಲ್ಪ ನೆರವಾಗುತ್ತದೆ. ಆದರೆ ಸಮಯವನ್ನೇನೂ ಕೊಡಿಸುವುದಿಲ್ಲ.

ಈ ಕಣ್ಣಿಗೆ ಬೆಳಕು ಬೀಳುತ್ತದೆಯೋ ಇಲ್ಲವೋ ಎಂಬುದನ್ನು ಎತ್ತರದ ಲೆಕ್ಕ ಹಾಕಿ ನೋಡಿದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸಾಮಾನ್ಯ ಕಾರಿನ ಮುಂದಿನ ನಂಬರ್ ಪ್ಲೇಟ್ ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುತ್ತದೆ ಅನ್ನೋಣ, ಮುಂಗಾಜಿನ ಕೆಳ ಅಂಚು ಸುಮಾರು ಒಂದು ಮೀಟರಿನಲ್ಲಿ. ಗುರಿ ಪ್ಲೇಟಿನ ನಟ್ಟನಡುವೆ. 300 ಮೀಟರ್ ದೂರದಿಂದ ಹೊಡೆದರೆ ಕಿರಣದ ಅಗಲ 90 ಸೆಂಟಿಮೀಟರ್, ಮೇಲಂಚು ಬರುವುದು 95 ಸೆಂಟಿಮೀಟರಿಗೆ. ಗಾಜಿಗೆ ಇನ್ನೂ ನಾಲ್ಕು ಬೆರಳು ಬಾಕಿ. 150 ಮೀಟರಿನಿಂದ ಹೊಡೆದರೆ ಮೇಲಂಚು 72 ಸೆಂಟಿಮೀಟರಿಗೇ ನಿಂತುಬಿಡುತ್ತದೆ. ಬೆಳಕೆಲ್ಲ ಬಂಪರಿನ ಮೇಲೆ. 600 ಮೀಟರಿನಿಂದಾದರೆ ಅಗಲ 1.8 ಮೀಟರ್, ಮೇಲಂಚು 1.4 ಮೀಟರ್, ಡಿಟೆಕ್ಟರ್ ಬೆಳಕಿನೊಳಗೇ ಇದೆ. ಹತ್ತಿರದಿಂದ ಹೊಡೆದಷ್ಟೂ ಡಿಟೆಕ್ಟರಿಗೆ ಸುಳಿವು ಕಡಿಮೆ ಎಂಬ ತಲೆಕೆಳಗಾದ ಸತ್ಯ ಹೀಗೆ ಹುಟ್ಟುತ್ತದೆ. 'ಹತ್ತಿರ ಬಂದರೂ ಕೂಗಲಿಲ್ಲ, ಯಂತ್ರ ಕೆಟ್ಟಿದೆ' ಎಂದು ದೂರುವವರಲ್ಲಿ ಬಹಳ ಜನರ ಯಂತ್ರ ಸರಿಯಾಗಿಯೇ ಇರುತ್ತದೆ.

ಕಿರಣದ ಅಂಚು ಚಾಕುವಿನಲ್ಲಿ ಕತ್ತರಿಸಿದಂತೆ ಇರುವುದಿಲ್ಲ ನಿಜ. ಅಂಚಿನಾಚೆಗೂ ಮಂದವಾದ ಬೆಳಕು ಇರುತ್ತದೆ, ಬಾನೆಟ್ ಮೇಲೆ ತಾಗಿ ಕೊಂಚ ಮೇಲೆ ಚಿಮ್ಮುತ್ತದೆ, ಬಂದೂಕು ಹಿಡಿದ ಕೈಯೂ ಅಲುಗುತ್ತದೆ. ಕೈ ಒಂದು ಮಿಲಿರೇಡಿಯನ್ ಅಲುಗಿದರೆ 300 ಮೀಟರಿನಲ್ಲಿ ಗುರಿ 30 ಸೆಂಟಿಮೀಟರ್ ಸರಿದಂತೆ. ಡಿಟೆಕ್ಟರ್‌ಗಳು ಬದುಕಿರುವುದು ಈ ಚೆಲ್ಲಿದ ಬೆಳಕಿನ ಮೇಲೆ. ತ್ರಿಪಾದಿಯ ಮೇಲಿಟ್ಟ, ಕ್ಯಾಮೆರಾ ಜೋಡಿಸಿದ ಲೇಸರ್ ಸಾಧನಗಳ ಎದುರು ಅದೂ ಸಿಗುವುದಿಲ್ಲ. ಅವು ಅಲುಗುವುದೇ ಇಲ್ಲ.

ಲೇಸರ್ ಎಚ್ಚರಿಕೆ ನಿಜಕ್ಕೂ ಕೈಹಿಡಿಯುವ ಸಂದರ್ಭ ಒಂದಿದೆ. ಮುಂದಿನ ವಾಹನವನ್ನು ಹೊಡೆದಾಗ ಅದರ ಪಕ್ಕದಿಂದ ಜಾರಿದ, ಅಥವಾ ಬೇರೆ ಮೇಲ್ಮೈಗೆ ತಾಗಿ ಚದುರಿದ ಬೆಳಕು ಹಿಂದಿನ ಕಾರಿನ ಡಿಟೆಕ್ಟರಿಗೆ ಬೀಳುವುದು. ನೇರ ರಸ್ತೆ, ಮುಂದೆ ನೂರಾರು ಮೀಟರ್ ದೂರದಲ್ಲಿ ಇನ್ನೊಂದು ವಾಹನ, ಬಂದೂಕು ದೂರದಲ್ಲಿ ಇದ್ದರೆ ಹೀಗಾಗುವ ಸಾಧ್ಯತೆ ಹೆಚ್ಚು. ತುಂತುರು, ದೂಳು, ತೆಳು ಮಂಜು ಇದ್ದರೆ ಬೆಳಕು ಇನ್ನಷ್ಟು ಚದುರುತ್ತದೆ. ದಟ್ಟ ಮಂಜಿನಲ್ಲಿ, ಜೋರು ಮಳೆಯಲ್ಲಿ ಬಂದೂಕಿನ ವ್ಯಾಪ್ತಿಯೇ ಕುಗ್ಗುವುದರಿಂದ ಲೇಸರ್ ತಪಾಸಣೆಯೂ ಕಡಿಮೆ. ಆದ್ದರಿಂದ ಅರ್ಧ ಸೆಕೆಂಡಿನಷ್ಟು ಮಿನುಗಿ ಮಾಯವಾದ ಲೇಸರ್ ಎಚ್ಚರಿಕೆಯನ್ನು 'ಸುಳ್ಳು' ಎಂದು ತಳ್ಳಿಹಾಕಬಾರದು. ರೇಡಾರ್ ಎಚ್ಚರಿಕೆ ಹತ್ತಿರವಾದಂತೆ ಏರುತ್ತ ಹೋಗುತ್ತದೆ. ಲೇಸರಿಗೆ ಆ ಏರಿಕೆ ಇಲ್ಲ, ಬಂದರೆ ಬಂತು, ಹೋದರೆ ಹೋಯಿತು. ಪರದೆಯ ಮೇಲಿನ ಗೆರೆಗಳ ಸಂಖ್ಯೆಯಿಂದ ಬಂದೂಕು ಎಷ್ಟು ದೂರವಿದೆ ಎಂದು ಊಹಿಸಲು ಹೋಗಬೇಡಿ.

ಈಗ ಕೂರಿಸುವ ಜಾಗ. ಇಲ್ಲಿ ರೇಡಾರಿಗೂ ಲೇಸರಿಗೂ ಜಗಳ. ರೇಡಾರಿಗೆ ಎತ್ತರದ ಜಾಗ ಚೆನ್ನ: ಕನ್ನಡಿಯ ಪಕ್ಕ, ಮುಂದಿನ ವಾಹನಗಳ ಚಾವಣಿ ದಾಟಿ ನೋಟ ಹರಿಯುವಲ್ಲಿ. ಲೇಸರಿಗೆ ತಗ್ಗಿದ ಜಾಗ ಚೆನ್ನ: ಗಾಜಿನ ನಡುವೆ, ಡ್ಯಾಶ್‌ಬೋರ್ಡಿಗೆ ತುಸು ಮೇಲೆ, ನಂಬರ್ ಪ್ಲೇಟಿಗೆ ಸಾಧ್ಯವಾದಷ್ಟು ಹತ್ತಿರ. ಎತ್ತರದಲ್ಲಿಟ್ಟರೆ ಮೇಲಿನ ಲೆಕ್ಕದ ಪ್ರಕಾರ ಇನ್ನೂ 30–40 ಸೆಂಟಿಮೀಟರ್ ಬೆಳಕಿನಿಂದ ದೂರ ಹೋದಂತೆ. ಲೇಸರ್ ಸಿಕ್ಕರೂ ತಡವಾಗಿ ಸಿಗುವುದರಿಂದ, ರೇಡಾರ್ ಬಳಕೆಯಲ್ಲಿರುವ ಕಡೆ ಓಡಾಡುವವರು ಎತ್ತರದ ಜಾಗವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಯಾವ ಜಾಗವಾದರೂ ಯಂತ್ರ ನೆಲಕ್ಕೆ ಸಮಾನಾಂತರವಾಗಿರಬೇಕು, ಮೂತಿ ರಸ್ತೆಯ ನೇರಕ್ಕಿರಬೇಕು. ಹೀರುಬಟ್ಟಲು ಸಡಿಲವಾಗಿ ಮೂತಿ ಐದಾರು ಡಿಗ್ರಿ ಬಾಗಿದರೆ ಕಿರಿದಾದ ನೋಟದ ಮಸೂರ ಬಾನೆಟ್ಟನ್ನೋ ಆಕಾಶವನ್ನೋ ನೋಡುತ್ತ ಕೂರುತ್ತದೆ.

ಗಾಜಿನ ವಿಷಯ ಬಹಳ ಜನ ಮರೆಯುತ್ತಾರೆ. ಬಿಸಿಲಿನ ಕಾವು ತಡೆಯಲೆಂದು ಲೋಹದ ತೆಳು ಲೇಪ ಕೊಟ್ಟ ಮುಂಗಾಜುಗಳಿವೆ. ಕಾವು ತಡೆಯುವುದೆಂದರೆ ಅವಕೆಂಪನ್ನು ತಡೆಯುವುದು, ಲೇಸರ್ ಬಂದೂಕಿನ ಬೆಳಕೂ ಅವಕೆಂಪೇ. ಅಂಥ ಗಾಜಿನ ಹಿಂದೆ ಡಿಟೆಕ್ಟರ್ ಅರೆಗುರುಡು. ಲೋಹದ ಲೇಪ ರೇಡಾರನ್ನೂ ಕುಗ್ಗಿಸುತ್ತದೆ. ಮಂಜು ಕರಗಿಸಲು ಗಾಜಿನೊಳಗೆ ಲೋಹದ ಪದರ ಹಾಕಿದ ಮಾದರಿಗಳಲ್ಲೂ ಇದೇ ಕಥೆ. ಇಂಥ ಕೆಲವು ಗಾಜುಗಳಲ್ಲಿ ಕನ್ನಡಿಯ ಹತ್ತಿರ ಲೇಪವಿಲ್ಲದ ಸಣ್ಣ ಕಿಟಕಿ ಬಿಟ್ಟಿರುತ್ತಾರೆ, ಟೋಲ್ ಟ್ಯಾಗ್ ಓದಿಸಲು; ಡಿಟೆಕ್ಟರ್ ಇಡಬೇಕಾದದ್ದು ಅಲ್ಲಿಯೇ. ಮೇಲಂಚಿನ ಬಣ್ಣದ ಪಟ್ಟಿ, ನಂತರ ಅಂಟಿಸಿದ ಫಿಲ್ಮ್, ವೈಪರ್ ಕಡ್ಡಿ, ಒಳಗಡೆ ಹಬ್ಬಿದ ಎಣ್ಣೆಯ ಮಸುಕು ಇವೆಲ್ಲವೂ ಒಂದಿಷ್ಟು ಬೆಳಕು ತಿನ್ನುತ್ತವೆ. ಡಿಟೆಕ್ಟರಿನ ಎದುರಿನ ಒಂದು ಅಂಗೈ ಅಗಲದ ಗಾಜನ್ನು ಒಳಗಿನಿಂದ ವಾರಕ್ಕೊಮ್ಮೆ ಒರೆಸಿದರೆ ಅಷ್ಟರಮಟ್ಟಿಗೆ ಲಾಭ.

ಹಿಂದಿನಿಂದ ಹೊಡೆದಾಗ ಪರಿಸ್ಥಿತಿ ಇನ್ನೂ ಕಷ್ಟ. ದಾಟಿ ಹೋದ ವಾಹನದ ಹಿಂಬದಿಯ ಪ್ಲೇಟ್ ಕೂಡ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸುವ ಹಾಳೆಯಿಂದಲೇ ಮಾಡಿದ್ದು, ಗುರಿಗೆ ಸೊಗಸಾದ ಜಾಗ. ಡಿಟೆಕ್ಟರಿನ ಹಿಂಗಣ್ಣು ಮಾತ್ರ ಕಾರಿನ ಮುಂಭಾಗದಲ್ಲಿದ್ದುಕೊಂಡು, ಸೀಟುಗಳ ತಲೆದಿಂಬು, ಹಿಂದೆ ಕೂತವರ ತಲೆ, ಕಪ್ಪು ಗಾಜು ದಾಟಿ ಬರುವ ಬೆಳಕಿಗಾಗಿ ಕಾಯಬೇಕು. '360 ಡಿಗ್ರಿ ಲೇಸರ್ ರಕ್ಷಣೆ' ಎಂದು ಬರೆದಿರುವುದು ತಾಂತ್ರಿಕವಾಗಿ ಸುಳ್ಳಲ್ಲ. ಹಿಂದಕ್ಕೆ ನೋಡುವ ಮಸೂರ ನಿಜವಾಗಿಯೂ ಇರುತ್ತದೆ, ಅಗಲ ಕೋನದ ನೋಟವೂ ಇರುತ್ತದೆ. ಆದರೆ ಪಕ್ಕದಿಂದ ಯಾರೂ ಹೊಡೆಯುವುದಿಲ್ಲ. ಕೋನ ಹೆಚ್ಚಾದಂತೆ ಬಂದೂಕು ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ: ಲೇನಿನಿಂದ 10 ಮೀಟರ್ ಬದಿಗೆ ನಿಂತು 100 ಮೀಟರ್ ಮುಂದಿನ ಕಾರನ್ನು ಅಳೆದರೆ 100ಕ್ಕೆ 99.5, ಅದೇ ಕಾರು 30 ಮೀಟರಿಗೆ ಬಂದಾಗ ಅಳೆದರೆ ಸುಮಾರು 95. ಹಾಗಾಗಿ ತಪಾಸಣೆಯವರು ರಸ್ತೆಗೆ ಅಂಟಿಕೊಂಡಂತೆ ನಿಂತು ಉದ್ದಕ್ಕೆ ಗುರಿಯಿಡುತ್ತಾರೆ. ಬದಿಗಳ ರಕ್ಷಣೆಗೆಂದು ಹೆಚ್ಚು ಹಣ ಕೊಡುವುದು ವ್ಯರ್ಥ.

ಸುಳ್ಳು ಎಚ್ಚರಿಕೆಗಳು ಲೇಸರಿನಲ್ಲಿ ರೇಡಾರಿಗಿಂತ ಕಡಿಮೆ, ಆದರೆ ಇವೆ. 2008ರಲ್ಲಿ ವೋಲ್ವೊ ತನ್ನ ಎಕ್ಸ್‌ಸಿ60 ಕಾರಿನಲ್ಲಿ ತಂದ, ಡಿಕ್ಕಿ ತಪ್ಪಿಸಲು ತಾನೇ ಬ್ರೇಕ್ ಹಾಕುವ ಸಿಟಿ ಸೇಫ್ಟಿ ವ್ಯವಸ್ಥೆ ಮುಂಗಾಜಿನ ಹಿಂದಿನ ಲೇಸರಿನಿಂದ ಸುಮಾರು 10 ಮೀಟರ್ ಮುಂದಿನ ತನಕ ನೋಡುತ್ತಿತ್ತು. ತರಂಗಾಂತರ ಬಹುತೇಕ ಬಂದೂಕಿನದ್ದೇ. ಇನ್ಫಿನಿಟಿಯಂಥ ಕಂಪನಿಗಳ ಮುಂದಿನ ವಾಹನದ ಅಂತರ ನೋಡಿ ವೇಗ ಹೊಂದಿಸುವ ಹಳೆಯ ಲೇಸರ್ ಕ್ರೂಸ್ ಕಂಟ್ರೋಲ್ ಕೂಡ ಹಾಗೆಯೇ. ಅಂಥ ಕಾರು ಹಿಂದೆ ಬಂದರೆ ಡಿಟೆಕ್ಟರ್ ಬಿಟ್ಟೂ ಬಿಟ್ಟೂ ಕೂಗುತ್ತದೆ. ಗುರುತಿಸುವುದು ಸುಲಭ: ಎಚ್ಚರಿಕೆ ಹಿಂದಿನಿಂದ ಬರುತ್ತದೆ, ಹಿಂದಿನ ಕಾರು ಹತ್ತಿರ ಬಂದಾಗ ಮರುಕಳಿಸುತ್ತದೆ, ಅದು ತಿರುಗಿ ಹೋದರೆ ನಿಲ್ಲುತ್ತದೆ. ವೇಗವಾಗಿ ಮಿನುಗುವ ಎಲ್‌ಇಡಿ ಬ್ರೇಕ್ ದೀಪಗಳು, ಇಳಿಹೊತ್ತಿನಲ್ಲಿ ಮರಗಳ ಸಾಲಿನ ನಡುವೆ ಮಿನುಗುವ ಬಿಸಿಲು ಇವೂ ಕಡಿಮೆ ಗುಣಮಟ್ಟದ ಯಂತ್ರಗಳನ್ನು ಕೆಣಕುತ್ತವೆ. ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ: 1550 ನ್ಯಾನೊಮೀಟರಿನಲ್ಲಿ ಕೆಲಸ ಮಾಡುವ ಹೊಸ ಕಾರುಗಳ ಲೈಡಾರ್ (ಲೇಸರ್ ಬೆಳಕಿನಿಂದ ಸುತ್ತಲಿನ ದೂರ ಅಳೆಯುವ ಸಂವೇದಕ) ಎಷ್ಟು ಪ್ರಬಲವಾಗಿದ್ದರೂ ಡಿಟೆಕ್ಟರಿಗೆ ಕಾಣದು; ಸಿಲಿಕಾನ್ ಡಯೋಡಿನ ದೃಷ್ಟಿ 1100 ನ್ಯಾನೊಮೀಟರಿಗೆ ಮುಗಿಯುತ್ತದೆ.

ಮನೆಯಲ್ಲಿ ಪರೀಕ್ಷಿಸುವ ಬಗ್ಗೆ ಒಂದು ಮಾತು. ಯಂತ್ರದ ಡೆಮೊ ಗುಂಡಿ ಒತ್ತಿದರೆ 'ಲೇಸರ್' ಎಂದು ಸದ್ದು ಬರುತ್ತದೆ; ಅದರಿಂದ ತಿಳಿಯುವುದು ಸ್ಪೀಕರ್ ಮತ್ತು ಪರದೆ ಚೆನ್ನಾಗಿವೆ ಎಂದಷ್ಟೇ, ಕಣ್ಣು ಚೆನ್ನಾಗಿದೆ ಎಂದಲ್ಲ. ಟಿವಿ ರಿಮೋಟ್ ಹಿಡಿದು ನೋಡುವವರಿದ್ದಾರೆ. ರಿಮೋಟಿನ ಬೆಳಕು ಸಾಮಾನ್ಯವಾಗಿ 940 ನ್ಯಾನೊಮೀಟರಿನದ್ದು, ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುವಂಥದ್ದು. ಡಿಟೆಕ್ಟರ್ ಹುಡುಕುವುದು ಸೆಕೆಂಡಿಗೆ ಕೆಲವೇ ನೂರು ಸಲ ಬರುವ, ಹತ್ತಾರು ನ್ಯಾನೊಸೆಕೆಂಡ್ ಬಾಳುವ ಮಿಡಿತ. ರಿಮೋಟಿಗೆ ಸುಮ್ಮನಿದ್ದರೆ ಅದು ಯಂತ್ರದ ಜಾಣತನ, ದೋಷವಲ್ಲ.

ಯಾವ ಬೆಳಕನ್ನೂ, ಯಾವ ಅಲೆಯನ್ನೂ ಬಿಡದೆ ವೇಗ ಅಳೆಯುವ ವಿಧಾನಗಳೂ ಇವೆ, ಅವುಗಳ ಮುಂದೆ ಡಿಟೆಕ್ಟರ್ ಮೂಕ. ಎರಡು ಕಡೆ ನಂಬರ್ ಪ್ಲೇಟ್ ಓದಿ ನಡುವಿನ ಸಮಯದಿಂದ ಸರಾಸರಿ ವೇಗ ತೆಗೆಯುವ ಕ್ಯಾಮೆರಾಗಳು, ರಸ್ತೆಯೊಳಗೆ ಹೂತ ತಂತಿಯ ಸುರುಳಿಗಳು, ಜರ್ಮನಿಯ ಇಎಸ್ಒ ಸಾಧನದಂತೆ ವಾಹನದ ನೆರಳುಬೆಳಕಿನ ಬದಲಾವಣೆಯನ್ನು ಸುಮ್ಮನೆ ಗಮನಿಸುವ ಸಂವೇದಕಗಳು, ಬರಿ ಸ್ಟಾಪ್‌ವಾಚ್. ಇವನ್ನು ಹಿಡಿಯುತ್ತೇವೆ ಎನ್ನುವ ಡಿಟೆಕ್ಟರ್‌ಗಳು ಜಿಪಿಎಸ್ ಪಟ್ಟಿ ನೋಡಿ ಹೇಳುತ್ತಿರುತ್ತವೆ. ಪಟ್ಟಿ ಹಳತಾದರೆ ಮಾತೂ ಹಳತು.

ಜ್ಯಾಮರ್ ಬೇರೆ ಸಾಮಾನು, ಅದನ್ನು ಡಿಟೆಕ್ಟರ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಡಿಟೆಕ್ಟರ್ ಕೇಳಿಸಿಕೊಳ್ಳುತ್ತದೆ, ಜ್ಯಾಮರ್ ತಿರುಗಿ ಬೆಳಕು ಬಿಟ್ಟು ಅಳತೆಯನ್ನು ಕೆಡಿಸುತ್ತದೆ. ಡಿಟೆಕ್ಟರಿಗೆ ಅನುಮತಿ ಇರುವ ಕಡೆಗಳಲ್ಲೂ ಜ್ಯಾಮರ್ ಹಲವೆಡೆ ಅಪರಾಧ. ಬ್ರಿಟನ್ನಿನಲ್ಲಿ ನ್ಯಾಯಕ್ಕೆ ಅಡ್ಡಿ ಎಂಬ ಗಂಭೀರ ಆರೋಪದಡಿ ಜೈಲಾದವರಿದ್ದಾರೆ. ಮಿಡಿತದ ಅಂತರವನ್ನು ಬೇಕೆಂದೇ ಬದಲಿಸುತ್ತ ಹೋಗುವ ಹೊಸ ಬಂದೂಕುಗಳು ಬಂದ ಮೇಲೆ ಅವುಗಳ ಭರವಸೆಯೂ ಅಲುಗಾಡಿದೆ. ಪ್ಲೇಟಿನ ಮೇಲೆ ಹಾಕುವ ಮುಚ್ಚಳ, ಹೆಡ್‌ಲೈಟಿಗೆ ಬಳಿಯುವ ಬೆಳಕು ಹೀರುವ ಲೇಪ ಇವು ಬಂದೂಕು ಗುರಿಯನ್ನು ಕಚ್ಚಿಕೊಂಡು ಅಳೆಯಬಲ್ಲ ದೂರವನ್ನು ಹೆಚ್ಚೆಂದರೆ ಒಂದಿಷ್ಟು ತಗ್ಗಿಸಬಹುದು. ಪ್ಲೇಟ್ ಮರೆಮಾಚುವುದು ಬೇರೆಯೇ ಅಪರಾಧವಾಗುತ್ತದೆ. ಕಪ್ಪು ಕಾರಾದರೂ ಪ್ಲೇಟ್ ಪ್ಲೇಟೇ. ಬಣ್ಣದಿಂದ ದೊಡ್ಡ ವ್ಯತ್ಯಾಸವಿಲ್ಲ.

ಡಿಟೆಕ್ಟರ್‌ಗಳ ಮೇಲೂ ಕಾನೂನು ಒಂದೇ ಸಮನಿಲ್ಲ. ಅಮೆರಿಕದಲ್ಲಿ ಖಾಸಗಿ ಕಾರುಗಳಿಗೆ ಬಹುತೇಕ ಎಲ್ಲ ರಾಜ್ಯಗಳಲ್ಲಿ ಒಪ್ಪಿಗೆ ಇದ್ದರೂ ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ ನಿಷೇಧ, ವಾಣಿಜ್ಯ ಲಾರಿಗಳಿಗೆ ಒಕ್ಕೂಟದ ನಿಯಮದಿಂದಲೇ ನಿಷೇಧ. ಫ್ರಾನ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಜೊತೆಯಲ್ಲಿ ಇಟ್ಟುಕೊಂಡಿದ್ದರೂ ಯಂತ್ರ ಜಪ್ತಿಯಾಗಬಹುದು. ಜರ್ಮನಿಯಲ್ಲಿ ಚಾಲನೆಯ ವೇಳೆ ಬಳಸುವಂತಿಲ್ಲ. ಕೆನಡಾದ ಒಂಟಾರಿಯೊದಲ್ಲೂ ನಿಷೇಧ. ಗಡಿ ದಾಟುವ ಮೊದಲು ವಿಚಾರಿಸಿಕೊಳ್ಳಿ. 'ಲೇಸರ್ ಭಾಗ ಬರಿ ಬೆಳಕು ಕೇಳುತ್ತದೆ, ಯಾರಿಗೂ ಗೊತ್ತಾಗದು' ಎಂಬ ಸಮಾಧಾನ ಅರ್ಧ ಸತ್ಯ. ಫೋಟೊಡಯೋಡ್ ಏನನ್ನೂ ಹೊರಸೂಸುವುದಿಲ್ಲ ನಿಜ. ಆದರೆ ಅದೇ ಪೆಟ್ಟಿಗೆಯ ರೇಡಾರ್ ಭಾಗದೊಳಗೆ ಅಲೆ ಹುಟ್ಟಿಸುವ ಆಸಿಲೇಟರ್ ಸಣ್ಣಗೆ ಸೋರುತ್ತದೆ, ಆ ಸೋರಿಕೆಯನ್ನು ಹಿಡಿಯುವ ಸ್ಪೆಕ್ಟರ್‌ನಂಥ ಸಾಧನಗಳು ಪೊಲೀಸರ ಬಳಿ ಇವೆ.

ಕೊಳ್ಳುವವರಿಗೆ ತೀರ್ಪು ಹೀಗೆ. ಡಿಟೆಕ್ಟರನ್ನು ಅದರ ರೇಡಾರ್ ಗುಣಕ್ಕಾಗಿ ಅಳೆದು ಕೊಳ್ಳಿ: ಕೆಎ ಬ್ಯಾಂಡಿನ ಸೂಕ್ಷ್ಮತೆ, ಪಕ್ಕದ ಕಾರುಗಳಲ್ಲಿ ಕನ್ನಡಿಗೆ ಕಾಣದ ಜಾಗವನ್ನು ನೋಡುವ ಬ್ಲೈಂಡ್ ಸ್ಪಾಟ್ ರೇಡಾರಿನಿಂದ ಕೆ ಬ್ಯಾಂಡಿನಲ್ಲಿ ಬರುವ ಗಲಾಟೆಯನ್ನು ಸೋಸುವ ಶಕ್ತಿ, ಸಾಫ್ಟ್‌ವೇರ್ ಅಪ್‌ಡೇಟ್ ಸಿಗುತ್ತದೆಯೇ ಎಂಬುದು. ದಿಕ್ಕು ತೋರಿಸುವ ಬಾಣಗಳು ಇದ್ದರೆ ಬಹಳ ಉಪಯೋಗ. ವ್ಯಾಲೆಂಟೈನ್ ವನ್ 1992ರಲ್ಲೇ ಇದನ್ನು ತಂದಿತ್ತು, ಯೂನಿಡೆನ್ ಆರ್7, ಆರ್8ನಂಥ ಎರಡು ಆಂಟೆನಾದ ಮಾದರಿಗಳಲ್ಲೂ ಇದೆ. ಲೇಸರಿನಲ್ಲೂ ಮುಂದಿನಿಂದ ಬಂತೋ ಹಿಂದಿನಿಂದ ಬಂತೋ ತಿಳಿದರೆ ಹಿಂದಿನ ಕಾರಿನ ಸಂವೇದಕವೋ ಮುಂದಿನ ತಪಾಸಣೆಯೋ ಎಂಬ ಸಂಶಯ ಅರ್ಧ ಕರಗುತ್ತದೆ. ಲೇಸರ್ ಭಾಗವನ್ನು ಉಚಿತವಾಗಿ ಬಂದ ಸೇರ್ಪಡೆ ಎಂದೆಣಿಸಿ, ಅದೊಂದಕ್ಕಾಗಿ ಮೇಲಿನ ಮಾದರಿಗೆ ಹೋಗಬೇಡಿ. ಬಂಪರಿನಲ್ಲಿ ಪ್ಲೇಟಿನ ಎತ್ತರಕ್ಕೇ ಪ್ರತ್ಯೇಕ ಲೇಸರ್ ಕಣ್ಣು ಕೂರಿಸುವ ಸ್ಥಿರ ವ್ಯವಸ್ಥೆಗಳು ಬೆಳಕನ್ನು ತಪ್ಪದೆ ಹಿಡಿಯುತ್ತವೆ, ಆದರೆ ಹಿಡಿದ ಕ್ಷಣವೇ ಅಳತೆಯ ಕ್ಷಣವೂ ಆಗಿರುವುದರಿಂದ ಆ ಖರ್ಚಿನಿಂದ ಸಿಗುವುದು ಖಚಿತ ಸುದ್ದಿ, ಮುಂಚಿನ ಸುದ್ದಿಯಲ್ಲ. ಬೈಕ್ ಸವಾರರಿಗೆ ಕಿರಿದಾದ ಮೈಯಿಂದಾಗಿ ಬಂದೂಕು ಕಚ್ಚಿಕೊಳ್ಳುವ ದೂರವೇ ಕಡಿಮೆ, ಆದ್ದರಿಂದ ಹೊಡೆಯುವುದೂ ಹತ್ತಿರದಿಂದ, ಡಿಟೆಕ್ಟರಿಗೆ ಸಿಗುವ ಬೆಳಕೂ ಅಷ್ಟೇ ಕಡಿಮೆ. ಜೊತೆಗೆ ಹೆಲ್ಮೆಟ್ಟಿನೊಳಗೆ ಸದ್ದು ಕೇಳಲು ಬೇರೆ ಸ್ಪೀಕರ್ ಬೇಕು.

ರಸ್ತೆಯುದ್ದಕ್ಕೂ ಲೇಸರ್ ತಪಾಸಣೆಯೇ ಹೆಚ್ಚಿರುವ ಕಡೆ ಓಡಾಡುವವರು ಈ ಪೆಟ್ಟಿಗೆ ಕೊಳ್ಳದಿದ್ದರೂ ನಷ್ಟವಿಲ್ಲ. ಕಾರಿನಲ್ಲಿ ಈಗಾಗಲೇ ಇರುವ ವೇಗಮಿತಿ ಗುಂಡಿಯನ್ನು ಫಲಕದ ಅಂಕಿಗೆ ಹೊಂದಿಸಿ ಹೊರಟರೆ ಬಂದೂಕು ಎಲ್ಲಿ ಕೂತಿದೆ ಎಂದು ಕಿವಿ ನಿಮಿರಿಸುವ ಅಗತ್ಯವೇ ಬೀಳುವುದಿಲ್ಲ.